ಮುಪ್ಪಿನಲ್ಲಿ ದೇಹದ ಕಾವಲುಪಡೆ

ಪರೇಲಿನ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. 1896ರಲ್ಲಿ ಈ ನಗರವನ್ನು ಪ್ಲೇಗು ಆವರಿಸಿದಾಗ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆಯೊಂದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಲಸಿಕೆಯು ತಾನಾಗಿ ರೋಗವನ್ನು ಕೊಲ್ಲುವುದಿಲ್ಲ. ರಕ್ತದ ಬಿಳಿಯ ಕಣಗಳಿಗೆ ಶತ್ರುವಿನ ಗುರುತನ್ನು ಕಲಿಸುತ್ತದೆ. ಕಲಿಯುವ ಆ ಶಕ್ತಿಯು ವಯಸ್ಸಿನೊಡನೆ ಏನಾಗುತ್ತದೆ?

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಬಿಳಿಯ ಕಣಗಳಲ್ಲಿ ಒಂದು ಪಂಗಡವು ಎದೆಯೆಲುಬಿನ ಹಿಂದಿರುವ ಥೈಮಸ್ ಎಂಬ ಗ್ರಂಥಿಯನ್ನು ಸೇರಿ ತರಬೇತಿ ಪಡೆಯುತ್ತದೆ. ಇವೇ ಟಿ-ಕಣಗಳು. ಥೈಮಸ್ಸನ್ನು ಗರಡಿಮನೆ ಎನ್ನಬಹುದು. ಆದರೆ ಬಲು ಕಠಿಣವಾದ ಗರಡಿ. ಸ್ವಂತ ದೇಹದ ಮೇಲೆಯೇ ಕೈಮಾಡುವ ಕಣಗಳನ್ನು ಅಲ್ಲಿಯೇ ನಾಶಪಡಿಸಲಾಗುತ್ತದೆ. ಒಳಹೊಕ್ಕವುಗಳಲ್ಲಿ ತೇರ್ಗಡೆಯಾಗಿ ಹೊರಬರುವವು ಕೆಲವೇ. ಈ ಗ್ರಂಥಿಯ ಮಹತ್ತ್ವವು ಜಾಕ್ ಮಿಲ್ಲರ್ ಅವರ 1961ರ ಪ್ರಯೋಗಗಳವರೆಗೆ ವೈದ್ಯಲೋಕಕ್ಕೆ ತಿಳಿದಿರಲಿಲ್ಲವೆಂಬುದು ಸೋಜಿಗವೇ ಸರಿ.

ಯೌವನ ಕಳೆಯುವುದರೊಳಗೆ ಗರಡಿಯ ಬಹುಭಾಗವನ್ನು ಕೊಬ್ಬು ಆಕ್ರಮಿಸುತ್ತದೆ. ಇದು ರೋಗವಲ್ಲ, ಆರೋಗ್ಯವಂತರೆಲ್ಲರಲ್ಲೂ ನಡೆಯುವ ಕ್ರಮ. ಹೊಸ ಕಣಗಳ ಪೂರೈಕೆ ಕುಗ್ಗುತ್ತದೆ. ಇದ್ದ ಕಣಗಳೇ ಒಡೆದು ದ್ವಿಗುಣವಾಗಿ ಸ್ಥಳ ತುಂಬುತ್ತವೆ. ಆದುದರಿಂದಲೇ ಎಪ್ಪತ್ತರ ಹಿರಿಯರ ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ. ಬದಲಾಗಿರುವುದು ಸಂಖ್ಯೆಯಲ್ಲ, ಪಡೆಯ ಸ್ವರೂಪ. ಹಿಂದೆ ಕಂಡ ರೋಗಗಳನ್ನು ನೆನಪಿಟ್ಟ ಹಳೆಯ ಕಣಗಳು ಹೆಚ್ಚು, ಹೊಸ ರೋಗವನ್ನು ಗುರುತಿಸಬಲ್ಲ ಎಳೆಯ ಕಣಗಳು ಕಡಿಮೆ. ಪ್ರತಿಕಾಯಗಳನ್ನು ತಯಾರಿಸುವ ಬಿ-ಕಣಗಳ ಕಾರ್ಯವೂ ಮಂದವಾಗುತ್ತದೆ. ಇದರೊಡನೆ ದೇಹದೊಳಗೆ ಸಣ್ಣಗೆ, ಸದಾ ಹೊಗೆಯಾಡುವ ಒಂದು ಉರಿಯೂತವೂ ಇರುತ್ತದೆ; 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು ಇದಕ್ಕೊಂದು ಹೆಸರನ್ನೇ ಕೊಟ್ಟರು. ಎಲ್ಲರಲ್ಲೂ ಇದು ಒಂದೇ ವೇಗದಲ್ಲಿ ಸಾಗುವುದಿಲ್ಲ.

ಹೊಸ ಶತ್ರು ಬಂದಾಗ ಈ ಕೊರತೆ ಬಯಲಾಗುತ್ತದೆ. 2020ರ ಕೋವಿಡ್ ಪಿಡುಗಿನಲ್ಲಿ ಮುಂಬಯಿಯ ಹಿರಿಯರು ಹೆಚ್ಚಾಗಿ ಬಲಿಯಾದುದಕ್ಕೆ ಇದೂ ಒಂದು ಕಾರಣ. ಹಳೆಯ ಶತ್ರುವೂ ಹೊಂಚುಹಾಕುತ್ತಿರುತ್ತದೆ. ಯೌವನದಲ್ಲಿ ಸೋಂಕಿ, ಟಿ-ಕಣಗಳ ಕಾವಲಿನಲ್ಲಿ ದಶಕಗಳ ಕಾಲ ಮಲಗಿದ್ದ ಕ್ಷಯದ ಜೀವಾಣು ಕಾವಲು ಸಡಿಲವಾದೊಡನೆ ಏಳಬಹುದು. ಡೊಂಬಿವಲಿಯ ಒಂದೇ ಕೋಣೆಯಲ್ಲಿ ಅಜ್ಜನೊಡನೆ ಮೊಮ್ಮಗುವೂ ಮಲಗುವ ಮನೆಗಳಲ್ಲಿ, “ವಯಸ್ಸಿನ ಕೆಮ್ಮು” ಎಂದು ಸುಮ್ಮನಿರುವುದು ಇಬ್ಬರಿಗೂ ಅಪಾಯ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಲೇಬೇಕು. ಸರಕಾರಿ ಮತ್ತು ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಅದು ಉಚಿತ.

ಮುಪ್ಪಿನಲ್ಲಿ ನ್ಯುಮೋನಿಯಾ ಬಂದರೂ ಜ್ವರ ಏರದಿರಬಹುದೆಂಬುದನ್ನು ಮನೆಯವರು ಅರಿತಿರಬೇಕು. ಊಟ ಬಿಡುವುದು, ತೂಕಡಿಸುವುದು, ಇದ್ದಕ್ಕಿದ್ದಂತೆ ಮಾತು ತಪ್ಪುವುದು, ಇವೇ ಕೆಲವೊಮ್ಮೆ ಮೊದಲ ಸೂಚನೆ.

ಕ್ಷೀಣಿಸಿದ ಪಡೆಯನ್ನು ಹುರಿದುಂಬಿಸಲು ಸಾಧ್ಯವೆ? ಅರವತ್ತು ದಾಟಿದವರಿಗೆ ಬಿ.ಸಿ.ಜಿ. ಲಸಿಕೆ ಕೊಟ್ಟು ನೋಡುವ ಪ್ರಯೋಗವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಕೈಗೊಂಡಿತು. ಮುಂಬಯಿಯೂ ಅದರ ಕೇಂದ್ರಗಳಲ್ಲೊಂದು. ಲಸಿಕೆ ಪಡೆದ ಹಿರಿಯರ ರಕ್ತದಲ್ಲಿ ಒಂದು ತಿಂಗಳ ತರುವಾಯ ನೆನಪಿನ ಟಿ ಮತ್ತು ಬಿ ಕಣಗಳು ಹೆಚ್ಚಿದ್ದುವೆಂದು 2021ರಲ್ಲಿ ಪ್ರಕಟವಾಯಿತು. ಕಣಗಳು ಹೆಚ್ಚಿದ ಮಾತ್ರಕ್ಕೆ ರೋಗದಿಂದ ರಕ್ಷಣೆ ದೊರೆಯಿತೆಂದು ಅರ್ಥವಲ್ಲ. ತಾವಾಗಿ ಹೋಗಿ ಬಿ.ಸಿ.ಜಿ. ಚುಚ್ಚಿಸಿಕೊಳ್ಳುವುದು ಸಲ್ಲದು. ಇನ್‌ಫ್ಲುಯೆಂಜಾ ಮತ್ತು ನ್ಯುಮೊಕಾಕಸ್ ಲಸಿಕೆಗಳ ಮಾತು ಬೇರೆ. ಹಿರಿಯರಲ್ಲಿ ಅವುಗಳ ಫಲ ಎಳೆಯರಲ್ಲಿರುವಷ್ಟಿಲ್ಲದಿದ್ದರೂ ತೀವ್ರ ರೋಗವನ್ನು ಎಷ್ಟೋ ತಡೆಯುತ್ತವೆ. ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸವುಳ್ಳವರು ಮಳೆಗಾಲಕ್ಕೆ ಮೊದಲೇ ವೈದ್ಯರನ್ನು ಕೇಳುವುದು ಲೇಸು.