ಹಿತ್ತಿಲ ಹೂವು, ಯಾತ್ರೆಯ ಗೋಪುರ, ಕೈಯ ಸೂಜಿ

ಹೊಲಿಗೆ ಕಸೂತಿಗಳನ್ನು ಕಲಿಯತೊಡಗಿದ ನಮ್ಮ ಸೋದರಿಯರಲ್ಲಿ ಅನೇಕರು ಮೊದಲು ಕೇಳುವ ಪ್ರಶ್ನೆಯು "ಮಾದರಿ ಎಲ್ಲಿ ದೊರೆಯುವುದು?" ಎಂಬುದು. ಅಚ್ಚಾದ ಮಾದರಿಗಳು ಅಂಗಡಿಗಳಲ್ಲಿ ಬೇಕಾದಷ್ಟಿವೆ. ಅವನ್ನು ಬಟ್ಟೆಯ ಮೇಲೆ ಇಳಿಸಿಕೊಂಡು ಗೆರೆಯ ಗುಂಟ ಸೂಜಿಯಾಡಿಸಿದರೆ ಕೆಲಸವು ತೀರಿತು. ಆದರೆ ಇದರ ಫಲವಾಗಿ ಊರೂರ ದಿಂಬುಗಳ ಮೇಲೆ ಒಂದೇ ಗುಲಾಬಿ ಅರಳುತ್ತದೆ. ಹೊಲಿದವಳ ಊರಾವುದು, ಅವಳು ಕಂಡುದೇನು ಎಂಬುದು ಬಟ್ಟೆಯಿಂದ ತಿಳಿಯದು. ನಮ್ಮ ನಾಡಿನ ಹಳೆಯ ಸೂಜಿಗೆಲಸವಾದರೋ ಬೇರೆಯ ದಾರಿಯಲ್ಲಿ ನಡೆದುಬಂದಿದೆ.

ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿರಿ. ಅಲ್ಲಿಯ ಹೆಂಗಸರು ಇಳಕಲ್ ಸೀರೆಗಳ ಮೇಲೆ ತೆಗೆದ ಚಿತ್ರಗಳಲ್ಲಿ ತುಳಸಿಯ ಕಟ್ಟೆ, ಕಮಲ, ಗಿಣಿ, ನವಿಲುಗಳುಂಟು. ಇವು ಮನೆಯಂಗಳದಲ್ಲಿಯೂ ತೋಟದಲ್ಲಿಯೂ ಕೆರೆಯಲ್ಲಿಯೂ ಕಂಡುವು. ಗೋಪುರ, ತೇರು, ಆನೆ, ಪಲ್ಲಕ್ಕಿಗಳೂ ಉಂಟು. ಇವು ಜಾತ್ರೆಗೂ ಯಾತ್ರೆಗೂ ಹೋದಾಗ ಕಂಡುವು. ಸೆರಗಿನ ಬಳಿಯಲ್ಲಿ ದೊಡ್ಡ ಚಿತ್ರಗಳು. ಅಲ್ಲಿಂದ ಸೀರೆಯ ಒಡಲಿನ ಕಡೆಗೆ ಹೋದಂತೆ ಅವು ಚಿಕ್ಕವಾಗುತ್ತ ಬರುವುವು. ಹೀಗೆ ಹಿತ್ತಿಲೂ ಪ್ರಯಾಣವೂ ಈ ಕಲೆಗೆ ಎರಡು ತವರುಮನೆಗಳು.

ಕಂಡುದೆಲ್ಲವನ್ನೂ ಕಂಡ ಹಾಗೆಯೇ ಬಟ್ಟೆಗೆ ತರಲಾಗದು. ಕಸೂತಿಯಲ್ಲಿ ಮೊದಲೇ ಗೆರೆಯೆಳೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು, ಗಂಟು ಹಾಕಬಾರದು. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯಲ್ಲಿ ಸೂಜಿಯು ಒಮ್ಮೆ ಬಿಟ್ಟು ಬಿಟ್ಟು ಹೋಗಿ, ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಆದುದರಿಂದ ಬಟ್ಟೆಯ ಎರಡು ಮೈಯೂ ಒಂದೇ ಸಮನಾಗಿ ಕಾಣುವುವು. ಮುರ್ಗಿಯು ಮೆಟ್ಟಲಿನಂತೆ ಏರುವುದು. ನೇಯ್ಗೆಯು ಮಗ್ಗದಲ್ಲಿ ನೇಯ್ದಂತೆ ತೋರುವುದು. ಮೆಂತಿಯು ಎಳೆಗಳನ್ನು ಅಡ್ಡಹಾಯಿಸಿ ಹಾಕುವ ಹೊಲಿಗೆ.

ಎಳೆಗಳು ಚೌಕವಾಗಿ ಹೆಣೆದಿರುವುದರಿಂದ ನಾಲ್ಕು ಅಥವಾ ಎಂಟು ದಳದ ಹೂವು ಸುಲಭವಾಗಿ ಮೂಡುವುದು. ನಂದಿಬಟ್ಟಲಿನ ಐದು ದಳಗಳು ಚೌಕಕ್ಕೆ ಒಗ್ಗುವುದು ಕಷ್ಟ. ಸೇವಂತಿಗೆಯ ಬಹುದಳಗಳನ್ನು ಎಂಟು ಕಿರಣಗಳಾಗಿ ಸಂಕ್ಷೇಪಿಸಬಹುದು. ಹೂವನ್ನು ನೋಡುವುದು ಬೇರೆ, ಅದರಲ್ಲಿ ಯಾವುದನ್ನು ಬಿಡಬೇಕೆಂದು ತಿಳಿಯುವುದು ಬೇರೆ. ಈ ಎರಡನೆಯದೇ ಕಸೂತಿಯ ವಿದ್ಯೆ.

ಹಾಗಾದರೆ ಧಾರವಾಡದಿಂದ ದೂರವಿರುವವರ ಗತಿಯೇನು? ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಗೃಹಿಣಿಯು ಮಾದರಿಗಾಗಿ ಪೇಟೆಗೆ ಹೋಗಬೇಕಾದುದಿಲ್ಲ. ರಾಗಿಯ ತೆನೆಯನ್ನು ಕೈಯಲ್ಲಿ ಹಿಡಿದು ನೋಡಲಿ: ನೆಟ್ಟನೆಯ ಕಡ್ಡಿ, ಅದರ ತುದಿಯಲ್ಲಿ ಒಳಕ್ಕೆ ಬಾಗಿದ ನಾಲ್ಕಾರು ಬೆರಳುಗಳು, ಬೆರಳ ತುಂಬ ಸಾಲುಗಟ್ಟಿದ ಕಾಳು. ಕಡ್ಡಿಗೆ ಗವಂತಿ, ಬಾಗಿಗೆ ಮುರ್ಗಿ, ಕಾಳಿಗೆ ಮೆಂತಿ ಎಂದು ಹಂಚಿದರೆ ತೆನೆಯು ತಾನಾಗಿ ಮೂಡುವುದು. ಬಣ್ಣಕ್ಕೂ ಹಿತ್ತಿಲೇ ಗುರು. ಕನಕಾಂಬರದ ಕೆಂಬಣ್ಣವು ತನ್ನದೇ ಎಲೆಯ ಕಡುಹಸುರಿನ ಪಕ್ಕದಲ್ಲಿ ಎಷ್ಟು ಚೆಲುವಾಗಿ ಕಾಣುವುದೋ, ಕಪ್ಪು ಬಟ್ಟೆಯ ಮೇಲೆಯೂ ಆ ಎರಡು ದಾರಗಳು ಅಷ್ಟೇ ಚೆಲುವಾಗಿ ಒಪ್ಪುವುವು.

ಊರು ಬಿಟ್ಟು ಹೊರಟಾಗ ಚೌಕದ ಗೆರೆಗಳುಳ್ಳ ಚಿಕ್ಕ ಪುಸ್ತಕವೊಂದು ಚೀಲದಲ್ಲಿರಲಿ. ಒಂದು ಚೌಕವು ಎರಡು ಎಳೆಗೆ ಸಮವೆಂದು ಇಟ್ಟುಕೊಂಡು, ಕಂಡುದನ್ನು ಚೌಕ ತುಂಬಿ ಗುರುತು ಹಾಕಿಕೊಳ್ಳಬಹುದು. ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಫಲಪುಷ್ಪ ಪ್ರದರ್ಶನಗಳು ನಡೆಯುವುವು. ಬಣ್ಣಗಳ ಜೋಡಣೆಯನ್ನು ಕಲಿಯಲು ಅದೊಂದು ಪಾಠಶಾಲೆ. ದೂರದ ಯಾತ್ರೆಯಾದರೆ, ಹನ್ನೆರಡನೆಯ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿರಿ. ಆನೆಗಳದೊಂದು ಸಾಲು, ಸಿಂಹಗಳದೊಂದು, ಬಳ್ಳಿಯದೊಂದು, ಕುದುರೆಗಳದೊಂದು. ಭಾರವಾದುದು ಕೆಳಗೆ, ನಡುವೆ ಹಗುರವಾದ ಬಳ್ಳಿ. ಅಂಚನ್ನು ಹೇಗೆ ಜೋಡಿಸಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪಾಠ ಬೇಕೆ?

ಸೂಕ್ಷ್ಮವಾದ ಕಸೂತಿಗೆ ಕಣ್ಣು ಸಾಲದವರು ಕೌದಿಯನ್ನು ಹೊಲಿಯಬಹುದು. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಉದ್ದಕ್ಕೂ ಹೊಲಿದರೆ ಕೌದಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರಾಂತಗಳ ಸಿದ್ದಿ ಹೆಂಗಸರದು ಇದರಲ್ಲಿ ವಿಶೇಷ ರೀತಿ. ಇವರ ಪೂರ್ವಿಕರು ಆಫ್ರಿಕದಿಂದ ಕಡಲು ದಾಟಿ ಬಂದವರು. ಅವರ ಹೊಲಿಗೆಯು ಅಂಚಿನಿಂದ ಹೊರಟು, ಸುತ್ತು ಸುತ್ತಿ ನಡುವನ್ನು ಸೇರುವುದು. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಪದರಗಳನ್ನು ಹೊಲಿಯುವರು. ಅದಕ್ಕೆ "ಫೂಲ", ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿಯು ಬೆತ್ತಲೆಯೆಂದು ಅವರ ಎಣಿಕೆ. ಹಳೆಯ ಬಟ್ಟೆಯ ತುಂಡಿಗೂ ಹೂದೋಟದ ನೆನಪನ್ನು ಮುಡಿಸದೆ ಅವರು ಸೂಜಿಯನ್ನು ಕೆಳಗಿಡರು.

ಕಸೂತಿಯ ಹೆಸರಿಗೆ ಈಗ ಭೌಗೋಳಿಕ ಗುರುತಿನ ರಕ್ಷಣೆಯು ದೊರೆತಿದೆ. ಹೆಸರನ್ನು ಕಾನೂನು ಕಾಯಬಲ್ಲುದು. ಆದರೆ ಕಣ್ಣನ್ನು ಕಾಯುವವರಾರು? ತೇರನ್ನು ಕಂಡು ತೇರನ್ನು ಹೊಲಿದವಳಿಂದ ಅವಳ ಊರು ಬಟ್ಟೆಯಲ್ಲಿ ಉಳಿಯಿತು. ಅಚ್ಚಿನ ಗುಲಾಬಿಯನ್ನು ಹೊಲಿದವಳ ಊರು ಉಳಿಯಲಿಲ್ಲ. ಹೊಲಗಳು ನಿವೇಶನಗಳಾಗುತ್ತಿರುವ ಬೆಂಗಳೂರಿನ ಆಸುಪಾಸಿನಲ್ಲಿ ಈ ಮಾತು ಇನ್ನೂ ಸತ್ಯ. ರಾಗಿಯ ತೆನೆಯನ್ನು ಮೊಮ್ಮಗಳು ಹೊಲದಲ್ಲಿ ಕಾಣುವಳೋ ಇಲ್ಲವೋ, ಅಜ್ಜಿಯ ಸೆರಗಿನಲ್ಲಾದರೂ ಕಾಣಲಿ. ಆದುದರಿಂದ, ಸೋದರಿಯರೇ, ಮುಂದಿನ ಮಾದರಿಯನ್ನು ಕೊಳ್ಳುವ ಮುನ್ನ ಒಂದು ಸಂಜೆ ಹಿತ್ತಿಲ ಬಾಗಿಲನ್ನು ತೆರೆದು, ಎದುರಿಗಿರುವ ಹೂವಿನ ದಳಗಳನ್ನು ಎಣಿಸಿ ನೋಡಿರಿ.