ಕಾಯ್ದೆ ಓದಿದ್ದಾಯ್ತು, ಈಗ ಈ ಮೂರು ಕಾದಂಬರಿ ಓದಿ

ಹೋರಾಟ, ರಾಜಕಾರಣ ಅಂತ ಓಡಾಡುವ ಹುಡುಗ ಹುಡುಗಿಯರ ಚೀಲದಲ್ಲಿ ವರದಿ, ತೀರ್ಪು, ಅಂಬೇಡ್ಕರ್ ಬರಹಗಳ ಸಂಪುಟ ಇರುತ್ತೆ. ಕಾದಂಬರಿ ಕಡಿಮೆ. "ಕತೆ ಓದೋಕೆ ಟೈಮ್ ಎಲ್ಲಿದೆ?" ಅಂತಾರೆ. ಆದರೆ ನಾವು ವಾದ ಮಾಡುವ ಕಾಯ್ದೆಗಳು ಯಾರ ಮನೆ ಬಾಗಿಲವರೆಗೂ ಹೋಗಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಕಾದಂಬರಿಗಳಿಂದ.

ಶಿವರಾಮ ಕಾರಂತರ 'ಚೋಮನ ದುಡಿ'ಯಿಂದ (1933) ಶುರು ಮಾಡಿ. ಸಿನಿಮಾ ನೋಡಿದ್ದರೂ ಪುಸ್ತಕ ಹಿಡಿಯಿರಿ. ಚೋಮನ ಹತ್ತಿರ ಎತ್ತುಗಳಿವೆ, ಕಸುವಿದೆ. ಇಲ್ಲದ್ದು ಉಳಲು ಒಂದು ತುಂಡು ಗದ್ದೆ. ಅವನು ದಾನ ಕೇಳುತ್ತಿಲ್ಲ, ಗೇಣಿಗೆ ಕೇಳುತ್ತಿದ್ದಾನೆ. ಆದರೆ ಅವನ ಜಾತಿಯವರು ಬೇಸಾಯಗಾರರಾಗುವ ಪದ್ಧತಿಯೇ ಊರಲ್ಲಿಲ್ಲ. ಒಡೆಯ ಸಂಕಪ್ಪಯ್ಯ ರಾಕ್ಷಸನೇನಲ್ಲ, ಅವನ ಮನಸ್ಸು ಒಂದಿಷ್ಟು ಕರಗುತ್ತೆ ಕೂಡ. ತಾಯಿ ಬೇಡ ಅಂದಳು, ಅಲ್ಲಿಗೆ ಮುಗೀತು.

1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಚೋಮ ಆಗ ಬದುಕಿದ್ದರೂ ಆ ಫಾರಂ ತುಂಬಲು ಆಗುತ್ತಿರಲಿಲ್ಲ. ಅವನನ್ನು ಗೇಣಿದಾರನಾಗಲಿಕ್ಕೇ ಬಿಟ್ಟಿರಲಿಲ್ಲವಲ್ಲ! 2020ರಲ್ಲಿ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿದಾಗ ನಾವೆಲ್ಲ ಬೀದಿಗಿಳಿದು ಕೂಗಿದೆವು. ಆಗಲೂ ಮಾತು ಸುತ್ತಿದ್ದು ಮಾರಲು ಜಮೀನಿದ್ದವರ, ಕೊಳ್ಳಲು ದುಡ್ಡಿದ್ದವರ ಸುತ್ತಲೇ. ಪಹಣಿಯಲ್ಲಿ ಹೆಸರೇ ಇಲ್ಲದವರು ಎಲ್ಲಿದ್ದರು?

ಕಾರಂತರದು ಹೊರಗಿನ ಕಣ್ಣು, ಮರುಕ ಜಾಸ್ತಿ ಅನ್ನಿಸಬಹುದು. ನನಗೂ ಒಮ್ಮೊಮ್ಮೆ ಅನ್ನಿಸಿದೆ. ಹಾಗಿದ್ದರೆ ದೇವನೂರ ಮಹಾದೇವರ 'ಒಡಲಾಳ'ವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸಾಕವ್ವನ ಮನೆಯವರು ರಾತ್ರಿ ಕೂತು ಕದ್ದ ಕಡ್ಲೆಕಾಯಿ ತಿನ್ನುವಾಗ 'ಅಯ್ಯೋ ಪಾಪ' ಅನ್ನಲು ಓದುಗನಿಗೆ ಜಾಗವೇ ಇಲ್ಲ.

ಎರಡನೆಯದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 80ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಸಂಭ್ರಮಿಸಿದವರು ಇದನ್ನೂ ಓದಬೇಕು.

ತ್ರಿವಳಿ ತಲಾಖ್ ಅಂದಕೂಡಲೇ ನಮ್ಮಲ್ಲಿ ಎರಡು ಗುಂಪು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧು ಅಂದಿತು, 2019ರ ಕಾಯ್ದೆ ತಲಾಖ್ ಹೇಳಿದ ಗಂಡನನ್ನು ಜೈಲಿಗೆ ಕಳಿಸುತ್ತೆ. ಈ ಕಾದಂಬರಿಯಲ್ಲಿ ನಾದಿರಾ ಮತ್ತು ರಶೀದ್ ಪ್ರೀತಿಯಿಂದಿರುವ ದಂಪತಿ. ಅವರನ್ನು ಬೇರೆ ಮಾಡುವುದು ಅಪ್ಪ ಮಹಮ್ಮದ್ ಖಾನನ ಹಠ. ಮತ್ತೆ ಒಂದಾಗಬೇಕೆಂದರೆ ನಾದಿರಾ ಮೊದಲು ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದ ತಲಾಖ್ ಪಡೆಯಬೇಕು. ಈಗ ಹೇಳಿ, ಯಾರನ್ನು ಜೈಲಿಗೆ ಹಾಕ್ತೀರಿ? ಧರ್ಮದ ಹೆಸರಲ್ಲಿ ಹೆಣ್ಣಿನ ಬಾಯಿ ಮುಚ್ಚಿಸುವವರ ಮೇಲೆ ಸಾರಾ ಸಿಟ್ಟಾಗುತ್ತಾರೆ, ಆದರೆ ಆ ಸಿಟ್ಟನ್ನು ತನ್ನ ಜನರನ್ನು ಹಳಿಯುವವರ ಕೈಗೆ ಕೊಡುವುದಿಲ್ಲ. ನಮಗೆ ಇವತ್ತು ಬೇಕಾದ ಧೈರ್ಯ ಇದೇ ಅನ್ನಿಸುತ್ತೆ. ಕೊನೆ ಏನಾಯ್ತು ಅಂತ ಹೇಳಲ್ಲ, ಓದಿ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಒಂದೇ ಸಲ ಕೂತು ಮುಗಿಸಬಹುದಾದ ಪುಟ್ಟ ಪುಸ್ತಕ. ಬೆಂಗಳೂರಿನ ಕೆಳಮಧ್ಯಮ ವರ್ಗದ ಕುಟುಂಬವೊಂದಕ್ಕೆ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತೆ. ದುಡಿಯುವವನು ಚಿಕ್ಕಪ್ಪ, ಉಳಿದವರೆಲ್ಲ ಅವನನ್ನು ಕಾಯುವವರು. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯ ಹೆಣ್ಣುಮಕ್ಕಳೇ ಬೈದು ಓಡಿಸುತ್ತಾರೆ. ಕತೆ ಹೇಳುವ ಯುವಕ, ಓದಿದವನು, ಸುಮ್ಮನೆ ನಿಂತಿರುತ್ತಾನೆ. ಹಾಗೆ ನಿಲ್ಲುವುದಕ್ಕೆ ಯಾವ ಕಾಯ್ದೆಯಲ್ಲೂ ಶಿಕ್ಷೆಯಿಲ್ಲ. ಓದುವಾಗ ನನ್ನ ಮನೆಯ ಡೈನಿಂಗ್ ಟೇಬಲ್ ನೆನಪಾಗಿ ಪುಸ್ತಕ ಮುಚ್ಚಿಟ್ಟಿದ್ದೆ. ಮತ್ತೆ ತೆಗೆದಿದ್ದು ಎರಡು ದಿನ ಬಿಟ್ಟು.