ಗೋಳಿ ಪಲ್ಯೆ: ಕಸವೋ, ಕೂಳೋ?

ಮುಂಗಾರಿ ಮಳೆ ಬಿದ್ದು ತೊಗರಿ, ಉದ್ದುಗಳ ಸಾಲು ಕಾಣತೊಡಗಿತೆಂದರೆ ನಡುವೆ ಗೋಳಿಯೂ ಹಬ್ಬುವದು. ಅಕ್ಕಲಕೋಟ, ಜತ್ತಗಳ ಕಡೆ ಕಸ ತೆಗೆಯಲು ಹೋದ ನಮ್ಮ ಹೆಣ್ಣುಮಕ್ಕಳು ಅದನ್ನು ಉಡಿಯಲ್ಲಿ ಕಟ್ಟಿಕೊಂಡೇ ಮನೆಗೆ ಬರುವರು. ಮರಾಠಿಯವರಿಗೆ ಇದು ಘೋಳ; ತೆಲುಗರಿಗೆ ಗಂಗವಾಯಿಲಿ; ಮೈಸೂರಿನತ್ತ ದೊಡ್ಡಗೋಣಿ ಸೊಪ್ಪು. ಹಕೀಮರು ಕೊಡುವ ಖುರ್ಫಾ ಬೀಜವೂ ಇದರದೇ.

ಇದರ ಹುಳಿಯ ಸಂಗತಿ ತಿಳಿಯತಕ್ಕದ್ದು. ನೀರಿನ ಕೊರತೆಯಾದಾಗ ಈ ಗಿಡ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಇಂಗಾಲಾಮ್ಲವನ್ನು ರಾತ್ರಿ ಹೀರಿ ಹುಳಿಯ ರೂಪದಲ್ಲಿ ಕೂಡಿಡುವದು. ಬಿಸಿಲೇರಿದಂತೆ ಅದನ್ನು ಖರ್ಚು ಮಾಡುವದು. ಆದಕಾರಣ ಬೆಳಿಗ್ಗೆ ಕಿತ್ತದ್ದು ಹುಳಿ, ಸಂಜೆಯದು ಸಪ್ಪೆ. ದಂಟಿನಲ್ಲಿ ನೀರಿರುವದರಿಂದ ಕಿತ್ತು ಬದುವಿಗೆ ಒಗೆದರೂ ಸಾಯದು, ಮಳೆ ಬಿದ್ದರೆ ಮತ್ತೆ ಬೇರೂರುವದು. ಇಂಥ ಕಸವನ್ನು ತಿಂದು ತೀರಿಸುವದೇ ಲೇಸೆಂದು ನಮ್ಮ ಮತ.

100 ಗ್ರಾಂ ಗೋಳಿಯಲ್ಲಿ 90 ಗ್ರಾಂಗೂ ಮಿಕ್ಕಿ ನೀರೇ. ಉಳಿದುದರಲ್ಲಿ ಪೊಟ್ಯಾಸಿಯಂ, ಮೆಗ್ನೀಷಿಯಂ, ಸಿ ಜೀವಸತ್ವಗಳಿವೆ. ಅಗಸಿಯಲ್ಲಿರುವ ಒಮೆಗಾ-3 ಎಂಬ ಜಿಡ್ಡು ಇದರ ಎಲೆಯಲ್ಲಿ 100 ಗ್ರಾಂಗೆ ಸುಮಾರು 300ರಿಂದ 400 ಮಿಲಿಗ್ರಾಂ ಇರುವದು. ಅಗಸಿಗೆ ಸಾಟಿಯಲ್ಲ ನಿಜ; ಆದರೆ ತಪ್ಪಲ ಪಲ್ಯೆಗಳಲ್ಲಿ ಇಷ್ಟಿರುವದು ಅಪರೂಪ.

ಹೆಸರುಬೇಳೆ ಹಾಕಿ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಬೇರೆ ಪಲ್ಯೆ ಬೇಡ. ಆದರೆ ಇದರಲ್ಲಿ ಆಕ್ಸಾಲಿಕ ಆಮ್ಲವೂ ಬಹಳ. ಮೂತ್ರಪಿಂಡದಲ್ಲಿ ಹರಳಾದವರು ಇದನ್ನು ದೂರವಿಡಬೇಕು. ಉಳಿದವರು ಕುದಿಸಿ ನೀರು ಬಸಿದು, ಮೊಸರಿನೊಡನೆ ಉಣ್ಣುವದು ಒಳ್ಳೆಯದು. ಮೊಸರಿನ ಸುಣ್ಣದಂಶವು ಆ ಆಮ್ಲವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುವದು.

ಉರಿಮೂತ್ರಕ್ಕೆ, ಬೆವರುಗುಳ್ಳೆಗೆ ಹಿರಿಯರು ಇದರ ರಸ ಬಳಸುತ್ತಿದ್ದರು. ಗೋಳಿ ತಂಪೆಂಬುದು ಅವರ ನಂಬಿಕೆ. ಬೆವರುಗುಳ್ಳೆಗೆ ಹಚ್ಚಿ ನೋಡಬಹುದು. ಉರಿಮೂತ್ರ ನಿಲ್ಲದಿದ್ದರೆ ಮಾತ್ರ ಡಾಕ್ಟರರ ಬಳಿಗೇ ಹೋಗಬೇಕು.

ಕೀಳುವಾಗ ಕಡ್ಡಿ ಮುರಿದು ನೋಡಿರಿ. ಹಾಲು ಬಂದರೆ ಅದು ಗೋಳಿಯಲ್ಲ, ನೆಲಕ್ಕಂಟಿ ಹಬ್ಬುವ ಬೇರೆ ವಿಷದ ಕಸ. ಗೋಳಿಯ ದಂಟಿನಿಂದ ಬರುವದು ತಿಳಿನೀರು ಮಾತ್ರ, ಎಲೆಯೂ ದಪ್ಪ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಈಗೀಗ ಕಸ ಸಾಯಲು ಔಷಧ ಹೊಡೆಯುವ ರೂಢಿ ಹೆಚ್ಚಿದೆ. ಕೆಲವು ಔಷಧಗಳು ಎಲೆಯೊಳಗೆ ಇಳಿಯುವದರಿಂದ ತೊಳೆದರೂ ಹೋಗವು. ಗಿಡವು ಒಡನೆ ಬಾಡುವದೂ ಇಲ್ಲ. ಹಸಿರಾಗಿ ಕಂಡ ಗೋಳಿಯನ್ನು ಕೂಲಿಯ ಹೆಣ್ಣುಮಕ್ಕಳು ಉಡಿ ತುಂಬಿಕೊಂಡರೆ ತಪ್ಪು ಅವರದಲ್ಲ. ಔಷಧ ಹೊಡೆದ ಹೊಲದ ಒಡೆಯನೇ ಮುಂದಾಗಿ ಹೇಳಬೇಕು. ಮನೆಯ ಮಟ್ಟಿಗಾದರೆ ಬಾವಿಯ ಹತ್ತಿರ ಒಂದು ಮಡಿ ಮಾಡಿ, ನಾಲ್ಕು ಕಡ್ಡಿ ಊರಿದರೆ ಸಾಕು.